ಟ್ರಿನಿಡಾಡ್: ಡಾಂಬರಿನ ಕೆರೆ, ಕಬ್ಬಿನ ಗದ್ದೆ ಮತ್ತು ನರೈನ್ ಎಂಬ ಹೆಸರು

ಪ್ರಶ್ನೆ: ಐಪಿಎಲ್ ನೋಡುವಾಗ ನಮ್ಮ ಮನೆಯಲ್ಲಿ ಒಂದು ವಾದ ಹುಟ್ಟಿತು. ವೆಸ್ಟ್ ಇಂಡೀಸ್ ಅನ್ನುವುದು ಒಂದು ದೇಶ, ಕ್ರಿಸ್ ಗೇಲ್, ಸುನಿಲ್ ನರೈನ್ ಇಬ್ಬರೂ ಆ ಒಂದೇ ದೇಶದವರು ಅಂತ ಮಗ ನೂರು ರೂಪಾಯಿ ಪಂದ್ಯ ಕಟ್ಟಿದ್ದಾನೆ. ನರೈನ್ ಟ್ರಿನಿಡಾಡಿನವರು, ಅದೇ ಬೇರೆ ದೇಶ ಅನ್ನುವುದು ನನ್ನ ವಾದ. ಆದರೆ ಟ್ರಿನಿಡಾಡ್ ಬಗ್ಗೆ ನನಗೆ ಗೊತ್ತಿರುವುದೂ ಅಷ್ಟೇ. ಅಲ್ಲಿ ಇಷ್ಟೊಂದು ಭಾರತೀಯ ಹೆಸರುಗಳು ಹೇಗೆ ಬಂದವು? ಬೀಚು ನೋಡಲು ಬರುವ ಪ್ರವಾಸಿಗರ ದುಡ್ಡಿನಲ್ಲೇ ದೇಶ ನಡೆಯುತ್ತದೆಯೇ? ನಮ್ಮ ಕಡೆಯವರು ಯಾರಾದರೂ ಅಲ್ಲಿಗೆ ಹೋಗಿದ್ದರೇ?
— ತಿಪಟೂರಿನ ಓದುಗರು

ಉತ್ತರ: ಪಂದ್ಯದ ತೀರ್ಪು ಕೊನೆಗೆ ಹೇಳುತ್ತೇನೆ, ಅಲ್ಲಿಯವರೆಗೆ ನೂರರ ನೋಟು ನಿಮ್ಮ ಮನೆಯ ಮೂರನೆಯವರ ಕೈಯಲ್ಲಿರಲಿ. ನಾನು ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಹೇಳಿದವನು. ಯಾವ ದೇಶದ ಕಥೆ ಕೇಳಿದರೂ ಕಾಲಡಿಯ ನೆಲದಿಂದ ಶುರು ಮಾಡುವುದು ನನ್ನ ಹಳೆಯ ಚಾಳಿ. ಟ್ರಿನಿಡಾಡಿನ ವಿಷಯದಲ್ಲಂತೂ ಬೇರೆ ದಾರಿಯೇ ಇಲ್ಲ. ನೀವು ಕೇಳಿದ ಎರಡು ಪ್ರಶ್ನೆಗಳಿಗೂ, ಅಂದರೆ ಹೊಟ್ಟೆಪಾಡಿಗೂ ಹೆಸರುಗಳಿಗೂ, ಉತ್ತರ ಮಣ್ಣಿನಲ್ಲೇ ಇದೆ.

ಭೂಪಟ ತೆಗೆದು ನೋಡಿ. ಕೆರಿಬಿಯನ್ ಸಮುದ್ರದ ಪೂರ್ವದ ಅಂಚಿನಲ್ಲಿ ಸಣ್ಣ ದ್ವೀಪಗಳದ್ದೊಂದು ಸಾಲು ಬಿಲ್ಲಿನಂತೆ ಬಾಗಿ ಇಳಿದು ಬರುತ್ತದೆ. ಮಾರ್ಟಿನಿಕ್, ಸೇಂಟ್ ಲೂಸಿಯಾ, ಸೇಂಟ್ ವಿನ್ಸೆಂಟ್, ಗ್ರೆನಡಾ ಎಲ್ಲ ಜ್ವಾಲಾಮುಖಿಗಳ ಮಕ್ಕಳು. ಆ ಸಾಲಿನ ತುದಿಯಲ್ಲಿ ಟ್ರಿನಿಡಾಡ್ ಕಾಣುತ್ತದೆ. ನೋಡಿದವರು ಅದೂ ಅದೇ ಕುಟುಂಬದ್ದು ಅಂದುಕೊಳ್ಳುತ್ತಾರೆ. ಅದು ದಕ್ಷಿಣ ಅಮೆರಿಕ ಖಂಡದಿಂದ ಬೇರೆಯಾದ ತುಂಡು. ಹಿಮಯುಗ ಮುಗಿದು ಸಮುದ್ರದ ನೀರು ಏರಿದಾಗ ತಗ್ಗಿನ ಜಾಗ ಮುಳುಗಿ ಇದು ದ್ವೀಪವಾಯಿತು. ಇವತ್ತಿಗೂ ವೆನೆಜುವೆಲಾದ ದಡ ಅತಿ ಹತ್ತಿರದ ಜಾಗದಲ್ಲಿ ಬರೀ 11 ಕಿಲೋಮೀಟರು. ಉತ್ತರದ ಬೆಟ್ಟಸಾಲು ವೆನೆಜುವೆಲಾದ ಕರಾವಳಿ ಪರ್ವತಗಳ ಮುಂದುವರಿದ ಬಾಲ. ಅದರ ಅತಿ ಎತ್ತರದ ಶಿಖರ ಎಲ್ ಸೆರೋ ದೆಲ್ ಅರಿಪೊ, 940 ಮೀಟರ್. ಕಾಡಿಗೆ ಹೊಕ್ಕರೆ ಹೌಲರ್ ಕೋತಿ, ಓಸೆಲಾಟ್ ಎಂಬ ಚುಕ್ಕೆಯ ಕಾಡುಬೆಕ್ಕು, ಭಾರೀ ವಿಷದ ಬುಷ್‌ಮಾಸ್ಟರ್ ಹಾವು ಸಿಗುತ್ತವೆ. ಎಲ್ಲ ಖಂಡದ ಕಾಡಿನ ಪ್ರಾಣಿಗಳು, ಸಾಗರದ ನಡುವೆ ಎದ್ದ ಪುಟ್ಟ ಜ್ವಾಲಾಮುಖಿ ದ್ವೀಪಕ್ಕೆ ಇವು ಎಲ್ಲಿಂದ ಬರಬೇಕು?

ದೇಶದ ಪೂರ್ತಿ ಹೆಸರು ಟ್ರಿನಿಡಾಡ್ ಮತ್ತು ಟೊಬೇಗೊ. ಎರಡು ದ್ವೀಪ ಸೇರಿ 5,128 ಚದರ ಕಿಲೋಮೀಟರು. ನಮ್ಮ ದಕ್ಷಿಣ ಕನ್ನಡ ಜಿಲ್ಲೆಗಿಂತ ತುಸು ದೊಡ್ಡದು ಅಂತಿಟ್ಟುಕೊಳ್ಳಿ. 2011ರ ಜನಗಣತಿಯಲ್ಲಿ ಜನಸಂಖ್ಯೆ 13 ಲಕ್ಷದ ಮೇಲಿತ್ತು. ಟೊಬೇಗೊ ಪುಟ್ಟದು, 300 ಚದರ ಕಿಲೋಮೀಟರು, ಅದರ ಬಂಡೆಯೂ ಬೇರೆ, ಚರಿತ್ರೆಯೂ ಬೇರೆ. ಡಚ್ಚರು, ಇಂಗ್ಲಿಷರು, ಫ್ರೆಂಚರು, ಇವರ ನಡುವೆ ಇಂದಿನ ಲಾಟ್ವಿಯಾ ಪ್ರದೇಶದ ಕೂರ್‌ಲೆಂಡ್ ಎಂಬ ಸಣ್ಣ ಸಂಸ್ಥಾನದವರು ಕೂಡ ಅದಕ್ಕಾಗಿ ಕಿತ್ತಾಡಿದ್ದರು. ಅಲ್ಲಿನ ಸಕ್ಕರೆ ದಿವಾಳಿಯೆದ್ದ ಮೇಲೆ 1889ರಲ್ಲಿ ಬ್ರಿಟಿಷರು ಅದನ್ನು ಟ್ರಿನಿಡಾಡಿಗೆ ಗಂಟು ಹಾಕಿದರು. ಟೊಬೇಗೊದ ಒಂದು ಸಂಗತಿಯನ್ನು ಮಾತ್ರ ಬಿಡಲಾರೆ. ಅಲ್ಲಿನ ನಡುಬೆಟ್ಟದ ಕಾಡನ್ನು ಕಡಿದರೆ ಮಳೆ ಕಡಿಮೆಯಾಗುತ್ತದೆ ಎಂಬ ಕಾರಣಕ್ಕೇ 1776ರಲ್ಲಿ ಕಾನೂನು ಮಾಡಿ ಕಾಪಾಡಿದರು. ಇನ್ನೂರೈವತ್ತು ವರ್ಷದ ಹಿಂದೆ! ನೀವು ಕೇಳಿದ ಬೀಚು, ಹವಳದ ದಿಬ್ಬ, ಪ್ರವಾಸಿಗರು ಇರುವುದು ಹೆಚ್ಚಾಗಿ ಈ ಟೊಬೇಗೊದಲ್ಲಿ.

ಟ್ರಿನಿಡಾಡಿಗೆ ಪ್ರವಾಸಿಗರ ಹಂಗು ಅಷ್ಟಿಲ್ಲ. ಅದರ ನೈಋತ್ಯ ಮೂಲೆಯಲ್ಲಿ ಲಾ ಬ್ರಿಯಾ ಎಂಬ ಊರಿದೆ. ಸ್ಪಾನಿಷ್ ಭಾಷೆಯಲ್ಲಿ ಬ್ರಿಯಾ ಅಂದರೆ ಡಾಂಬರು. ಅಲ್ಲಿ ಒಂದು ಕೆರೆ, ಸುಮಾರು ನೂರು ಎಕರೆ. ಕೆರೆ ತುಂಬ ನೀರಿಲ್ಲ, ಡಾಂಬರಿದೆ. ಆಳ ಸುಮಾರು 75 ಮೀಟರ್. ಮೇಲ್ಮೈ ಬಹುಪಾಲು ಗಟ್ಟಿ, ನಡೆದಾಡಬಹುದು, ಒಂದೇ ಕಡೆ ನಿಂತರೆ ಮಾತ್ರ ಹೆಜ್ಜೆ ಮೆಲ್ಲಗೆ ಇಳಿಯುತ್ತದೆ. ನಮ್ಮ ಊರುಗಳಲ್ಲಿ ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ ಹೊಸದಾಗಿ ಹಾಕಿದ ರಸ್ತೆಯ ಮೇಲೆ ಚಪ್ಪಲಿ ಅಂಟುತ್ತದಲ್ಲ, ಹಾಗೆ. ಆಳದಿಂದ ಕಲ್ಲೆಣ್ಣೆ ಬಿರುಕುಗಳ ಮೂಲಕ ಮೇಲೆ ಬರುತ್ತದೆ, ಅದರ ತೆಳುವಾದ ಅಂಶ ಗಾಳಿಗೆ ಆರಿಹೋಗುತ್ತದೆ, ಜಿಗುಟಾದದ್ದು ಕೆಳಗೆ ನಿಲ್ಲುತ್ತದೆ. ಅಗೆದು ತೆಗೆದ ಹಳ್ಳ ನಿಧಾನವಾಗಿ ತಾನೇ ಮುಚ್ಚಿಕೊಳ್ಳುತ್ತದೆ. 1595ರಲ್ಲಿ ವಾಲ್ಟರ್ ರ‍್ಯಾಲಿ ಎಂಬ ಇಂಗ್ಲಿಷ್ ನಾವಿಕ ತನ್ನ ಹಡಗಿನ ಸಂದುಗಳಿಗೆ ಇದನ್ನೇ ಮೆತ್ತಿಸಿಕೊಂಡು ಹೋದ. 1870ರ ದಶಕದಲ್ಲಿ ವಾಷಿಂಗ್ಟನ್ನಿನ ಪೆನ್ಸಿಲ್ವೇನಿಯಾ ಅವೆನ್ಯೂಗೆ ಹಾಸಿದ್ದು ಕೂಡ ಈ ಕೆರೆಯ ಡಾಂಬರು.

ಕೆರೆ ಬರೀ ಮೇಲೆ ಕಾಣುವ ಗುರುತು. ಆಳದ ಕಥೆ ಹೀಗಿದೆ: ಒರಿನೋಕೊ ಎಂಬ ಮಹಾನದಿ ಲಕ್ಷಾಂತರ ವರ್ಷಗಳಿಂದ ಖಂಡದ ಮಣ್ಣನ್ನೂ ಕೊಳೆತ ಜೀವರಾಶಿಯನ್ನೂ ಹೊತ್ತು ತಂದು ಟ್ರಿನಿಡಾಡಿನ ಸುತ್ತಲಿನ ಸಮುದ್ರದಲ್ಲಿ ಕಿಲೋಮೀಟರುಗಟ್ಟಲೆ ದಪ್ಪಕ್ಕೆ ಸುರಿದಿದೆ. ಅದೇ ಜಾಗದಲ್ಲಿ ಕೆರಿಬಿಯನ್ ಭೂಫಲಕ ದಕ್ಷಿಣ ಅಮೆರಿಕದ ಫಲಕವನ್ನು ಉಜ್ಜಿಕೊಂಡು ವರ್ಷಕ್ಕೆ ಸುಮಾರು ಎರಡು ಸೆಂಟಿಮೀಟರ್ ಪೂರ್ವಕ್ಕೆ ಜರುಗುತ್ತಿದೆ. ಈ ಒತ್ತಡಕ್ಕೆ ಪದರಗಳು ಮಡಿಚಿ, ಮಡಿಕೆಗಳಲ್ಲಿ ಎಣ್ಣೆ, ಅನಿಲ ಸಿಕ್ಕಿಕೊಂಡವು. ಜ್ವಾಲಾಮುಖಿ ಇಲ್ಲದ ಈ ದ್ವೀಪದಲ್ಲಿ ಕೆಸರುಮುಖಿಗಳಿವೆ, 1997ರಲ್ಲಿ ಪಿಪಾರೊ ಎಂಬ ಹಳ್ಳಿಯಲ್ಲಿ ಒಂದು ಸಿಡಿದು ಮನೆಗಳನ್ನೇ ಹೂತುಹಾಕಿತು.

1908ರ ಹೊತ್ತಿಗೆ ತೈಲದ ವ್ಯಾಪಾರ ಕುದುರಿತು. 1973ರಲ್ಲಿ ಅರಬ್ ದೇಶಗಳು ತೈಲ ಬಿಗಿಹಿಡಿದಾಗ ನಮಗೆ ಸೀಮೆಎಣ್ಣೆಗೂ ಪರದಾಟ, ಟ್ರಿನಿಡಾಡಿಗೆ ಸುಗ್ಗಿ. ಆ ದುಡ್ಡಿನಲ್ಲಿ ಸರ್ಕಾರ ಪಾಯಿಂಟ್ ಲೀಸಾಸ್ ಎಂಬಲ್ಲಿ ಕಬ್ಬಿನ ಬಯಲನ್ನೇ ಕೈಗಾರಿಕಾ ಪ್ರದೇಶ ಮಾಡಿತು. ಸುಮ್ಮನೆ ಉರಿಸಿ ಬಿಡುತ್ತಿದ್ದ ಅನಿಲದಿಂದ ಅಮೋನಿಯಾ, ಮೆಥನಾಲ್ ಮಾಡಿ ಮಾರುವ ಯೋಚನೆ ಅದು. ಇಷ್ಟು ಸಣ್ಣ ದೇಶ ಈ ಎರಡರ ರಫ್ತಿನಲ್ಲಿ ಜಗತ್ತಿನ ಮುಂಚೂಣಿಗೆ ಬಂತು. ನನ್ನ ಲೆಕ್ಕದಲ್ಲಿ ಆ ದೇಶ ತೆಗೆದುಕೊಂಡ ಅತಿ ಬುದ್ಧಿವಂತ ನಿರ್ಧಾರ ಅದೇ. 1999ರಲ್ಲಿ ಪಾಯಿಂಟ್ ಫೋರ್ಟಿನ್‌ನಲ್ಲಿ ಅನಿಲವನ್ನು ದ್ರವ ಮಾಡಿ ಹಡಗಿಗೆ ತುಂಬುವ ಸ್ಥಾವರವೂ ಶುರುವಾಯಿತು.

ಹಾಗಂತ ಎಲ್ಲ ಸುಖವಾಗಿದೆ ಅನ್ನಬೇಡಿ. ತೈಲ ಉತ್ಪಾದನೆ 1978ರಲ್ಲಿ ದಿನಕ್ಕೆ ಸುಮಾರು 2.3 ಲಕ್ಷ ಬ್ಯಾರೆಲ್ ತಲುಪಿದ್ದೇ ಶಿಖರ, ಆಮೇಲೆ ಇಳಿಮುಖ. ಅನಿಲವೂ 2010ರ ಆಸುಪಾಸಿನಿಂದ ಇಳಿಯುತ್ತಿದೆ. ಸರ್ಕಾರಿ ತೈಲ ಕಂಪನಿ ಪೆಟ್ರೋಟ್ರಿನ್‌ನ ಸಂಸ್ಕರಣಾಗಾರ 2018ರಲ್ಲಿ ಬಾಗಿಲು ಹಾಕಿ ಸಾವಿರಾರು ಜನ ಕೆಲಸ ಕಳೆದುಕೊಂಡರು. ಡಾಲರಿನ ಕೊರತೆ ಎಷ್ಟೆಂದರೆ ಸಾಮಾನು ತರಿಸುವ ವ್ಯಾಪಾರಿಗಳು ಬ್ಯಾಂಕಿನ ಮುಂದೆ ಸರದಿ ಕಾಯುತ್ತಾರೆ. ಪಕ್ಕದ ವೆನೆಜುವೆಲಾದ ಕಡಲಿನಲ್ಲಿ ಡ್ರ್ಯಾಗನ್ ಎಂಬ ದೊಡ್ಡ ಅನಿಲ ನಿಕ್ಷೇಪವಿದೆ. ಕೊಳವೆ ಹಾಕಿ ತಂದರೆ ಖಾಲಿ ಸ್ಥಾವರಗಳಿಗೆ ಜೀವ ಬರುತ್ತದೆ. ವೆನೆಜುವೆಲಾದ ಮೇಲೆ ಅಮೆರಿಕದ ನಿರ್ಬಂಧ ಇರುವುದರಿಂದ ಅದಕ್ಕೆ ವಾಷಿಂಗ್ಟನ್ನಿನ ಪರವಾನಗಿ ಬೇಕು. 2023ರಲ್ಲಿ ಕೊಟ್ಟರು, 2025ರ ಏಪ್ರಿಲಿನಲ್ಲಿ ಕಿತ್ತುಕೊಂಡರು. ಇದರ ಜೊತೆಗೆ ಹದಿಮೂರು ಲಕ್ಷದ ದೇಶದಲ್ಲಿ 2024ರಲ್ಲಿ 600ಕ್ಕೂ ಹೆಚ್ಚು ಕೊಲೆಗಳಾಗಿ, ವರ್ಷದ ಕೊನೆಗೆ ತುರ್ತುಪರಿಸ್ಥಿತಿ ಹೇರಬೇಕಾಯಿತು. ಖಂಡದ ಹತ್ತಿರ ಇರುವುದರ ಬೆಲೆ ಇದೂ ಹೌದು. ದಕ್ಷಿಣ ಅಮೆರಿಕದ ಮಾದಕ ವಸ್ತು, ಬಂದೂಕು ಸಾಗಿಸುವವರಿಗೆ ಈ ದ್ವೀಪ ದಾರಿಯಲ್ಲೇ ಸಿಗುತ್ತದೆ.

ಈಗ ಹೆಸರುಗಳಿಗೆ ಬರೋಣ. ಇಲ್ಲೂ ನೆಲದ ಮಾತೇ.

1498ರಲ್ಲಿ ತನ್ನ ಮೂರನೇ ಯಾನದಲ್ಲಿ ಕೊಲಂಬಸ್ ಬಂದು ಕ್ರೈಸ್ತರ ತ್ರಿಮೂರ್ತಿ ತತ್ವದ ಹೆಸರಿಟ್ಟ. ಆಮೇಲೆ ಮುನ್ನೂರು ವರ್ಷ ಸ್ಪೇನಿನವರು ದ್ವೀಪವನ್ನು ಹೆಚ್ಚುಕಡಿಮೆ ಮರೆತೇ ಇದ್ದರು, ಚಿನ್ನ ಸಿಗಲಿಲ್ಲವಲ್ಲ. ಮೂಲನಿವಾಸಿಗಳು ರೋಗ, ದುಡಿಮೆಗೆ ಸಿಕ್ಕಿ ಕರಗುತ್ತ ಹೋದರು. 1783ರಲ್ಲಿ ಲೆಕ್ಕ ಹಾಕಿದರೆ ಇಡೀ ದ್ವೀಪದಲ್ಲಿ ಮೂರು ಸಾವಿರ ಜನರೂ ಇರಲಿಲ್ಲ. ಆ ವರ್ಷ ಸ್ಪೇನಿನ ರಾಜ, ಕ್ಯಾಥೊಲಿಕ್ ಆದವರು ಯಾರೇ ಬರಲಿ ಜಮೀನು ಕೊಡುತ್ತೇನೆ, ಗುಲಾಮರನ್ನು ಕರೆತಂದರೆ ಇನ್ನಷ್ಟು ಕೊಡುತ್ತೇನೆ ಎಂದು ಸಾರಿದ. ಫ್ರೆಂಚ್ ತೋಟಗಾರರು ಆಫ್ರಿಕನ್ ಗುಲಾಮರೊಂದಿಗೆ ನುಗ್ಗಿದರು. 1797ರಲ್ಲಿ ಬ್ರಿಟಿಷರು ಬಂದು ದ್ವೀಪ ಕಸಿದುಕೊಂಡರು. ಹೀಗಾಗಿ ಸ್ಪಾನಿಷ್ ಊರುಹೆಸರು, ಫ್ರೆಂಚ್ ಆಡುಮಾತು, ಇಂಗ್ಲಿಷ್ ಕಾನೂನು ಒಂದರ ಮೇಲೊಂದು ಕೂತವು.

1838ರ ಆಗಸ್ಟ್ 1ಕ್ಕೆ ಗುಲಾಮರಿಗೆ ಪೂರ್ಣ ಬಿಡುಗಡೆ ಸಿಕ್ಕಿತು. ಇಲ್ಲಿ ಬಾರ್ಬಡೋಸನ್ನೂ ಟ್ರಿನಿಡಾಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬಾರ್ಬಡೋಸ್ ಪುಟ್ಟ ದ್ವೀಪ, ಅಂಗುಲ ಅಂಗುಲವೂ ಕಬ್ಬಿನ ಮಾಲೀಕರದ್ದು. ಬಿಡುಗಡೆಯಾದ ಗುಲಾಮ ಎಲ್ಲಿಗೆ ಹೋದಾನು? ಅದೇ ಮಾಲೀಕನ ಗದ್ದೆಗೆ ಕೂಲಿಗೆ ಬಂದ. ಟ್ರಿನಿಡಾಡಿನಲ್ಲಿ ಕಬ್ಬು ಬಂದದ್ದೇ ತಡವಾಗಿ, ದ್ವೀಪದ ಬಹುಪಾಲು ಇನ್ನೂ ಕಾಡು, ಖಾಲಿ ನೆಲ. ಜನ ಚಾಟಿಯ ನೆನಪಿದ್ದ ಗದ್ದೆಗೆ ಬೆನ್ನು ತಿರುಗಿಸಿ ತಮ್ಮದೇ ತುಂಡು ಜಮೀನು ಮಾಡಿಕೊಂಡರು, ಪೇಟೆ ಸೇರಿದರು. ಮಾಲೀಕರಿಗೆ ಆಳು ಸಿಗದಾಯಿತು. ಅಗ್ಗದ ಆಳಿಗಾಗಿ ಅವರು ಕಣ್ಣು ಹಾಯಿಸಿದ್ದು ಕಲ್ಕತ್ತದ ಕಡೆಗೆ. ಕ್ರಿಕೆಟ್ ತಂಡದ ಪಟ್ಟಿಯಲ್ಲಿ ಭಾರತೀಯ ಹೆಸರುಗಳು ಟ್ರಿನಿಡಾಡ್, ಗಯಾನಾಗಳಿಂದ ಬಂದಷ್ಟು ಬಾರ್ಬಡೋಸಿನಿಂದ ಯಾಕೆ ಬರುವುದಿಲ್ಲ ಅನ್ನುವುದಕ್ಕೆ ಖಾಲಿ ನೆಲವೇ ಉತ್ತರ.

1845ರ ಮೇ 30ರಂದು ಫತೇಲ್ ರಝಾಕ್ ಎಂಬ ಹಡಗು ಇನ್ನೂರಕ್ಕೂ ಹೆಚ್ಚು ಭಾರತೀಯರನ್ನು ಹೊತ್ತು ಪೋರ್ಟ್ ಆಫ್ ಸ್ಪೇನ್ ತಲುಪಿತು. 1917ರ ತನಕ ಹೀಗೆ ಬಂದವರು 1.4 ಲಕ್ಷಕ್ಕೂ ಮೇಲೆ. ಐದು ವರ್ಷದ ಕರಾರು, ಗಂಡಾಳಿಗೆ ದಿನಕ್ಕೆ 25 ಸೆಂಟು, ಎಸ್ಟೇಟು ಬಿಟ್ಟು ಹೊರಗೆ ಕಾಲಿಡಬೇಕಾದರೆ ಚೀಟಿ ಬೇಕು. ಚೀಟಿ ಇಲ್ಲದೆ ಸಿಕ್ಕಿಬಿದ್ದರೆ ಜೈಲು. ಗುಲಾಮಗಿರಿ ಮುಗಿದಿತ್ತು, ಗುಲಾಮರ ಲಾಯದಂಥ ಸಾಲುಮನೆ ಅದೇ ಇತ್ತು. ಹಡಗಿನಲ್ಲಿ ತಿಂಗಳುಗಟ್ಟಲೆ ಒಂದೇ ಹಲಗೆಯ ಮೇಲೆ ಮಲಗಿ ಒಂದೇ ಹಂಡೆಯ ಅನ್ನ ಉಂಡವರಿಗೆ ಜಾತಿ ಉಳಿಸಿಕೊಳ್ಳುವುದು ಆಗಲಿಲ್ಲ. ಅದರ ಬದಲು ಹೊಸ ನೆಂಟಸ್ತನ ಹುಟ್ಟಿತು, ‘ಜಹಾಜಿ ಭಾಯಿ’ ಅಂತ. ಒಂದೇ ಹಡಗಿನಲ್ಲಿ ಬಂದವರ ಮಕ್ಕಳು ತಮ್ಮತಮ್ಮಲ್ಲಿ ಮದುವೆಯಾಗಲು ಹಿಂಜರಿಯುತ್ತಿದ್ದರಂತೆ, ಅಣ್ಣತಂಗಿಯರಿದ್ದ ಹಾಗೆ ಎಂದು.

ಹೆಚ್ಚಿನವರು ಇಂದಿನ ಉತ್ತರ ಪ್ರದೇಶದ ಪೂರ್ವಭಾಗ ಮತ್ತು ಬಿಹಾರದವರು, ಭೋಜಪುರಿ ಆಡುವವರು. ಅವರಿಗೆ ನಮ್ಮ ಹಳ್ಳಿಯವರ ಹಾಗೆ ಒಂದೇ ಹೆಸರು, ಮನೆತನದ ಹೆಸರೆಂಬುದು ಬಹುಪಾಲು ಇರಲಿಲ್ಲ. ಕಚೇರಿಯ ಗುಮಾಸ್ತನಿಗೆ ಎರಡು ಹೆಸರು ಬೇಕು. ಹಾಗಾಗಿ ಅಪ್ಪನ ಹೆಸರೇ ಮಕ್ಕಳಿಗೆ ಮನೆತನದ ಹೆಸರಾಯಿತು. ರಾಮ್‌ಧನ್ ಅಥವಾ ರಾಮಾಧೀನ್ ಇದ್ದದ್ದು ರಾಮದೀನ್, ಪ್ರಸಾದ್ ಹೋಗಿ ಪರ್ಸಾದ್, ನಾರಾಯಣ ಹೋಗಿ ನರೈನ್. 1950ರಲ್ಲಿ ವೆಸ್ಟ್ ಇಂಡೀಸ್ ಪರ ಆಡಿದ ಮೊದಲ ಭಾರತೀಯ ಮೂಲದವರಾದ ಸನ್ನಿ ರಾಮದೀನ್ ಅವರ ಜನನ ಪತ್ರದಲ್ಲಿ ಹೆಸರಿನ ಜಾಗದಲ್ಲಿ ಬರೀ ‘ಹುಡುಗ’ ಅಂತ ಬರೆದಿತ್ತು. ನಮ್ಮ ತಾಲ್ಲೂಕು ಕಚೇರಿಗಳನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಕರಾರು ಮುಗಿದ ಮೇಲೆ ಬಹುಪಾಲು ಜನ ಅಲ್ಲೇ ಉಳಿದರು. ಕಾರಣ ಮತ್ತೆ ಅದೇ ಖಾಲಿ ನೆಲ. 1869ರಿಂದ ಸರ್ಕಾರ ವಾಪಸು ಹಡಗಿನ ಟಿಕೆಟಿಗೆ ಬದಲಾಗಿ ಜಮೀನು ಕೊಡಲು ಶುರುಮಾಡಿತು. ಅವರು ಕಬ್ಬು, ಕೋಕೋ, ಭತ್ತ ಬೆಳೆದರು. (ಪುತ್ತೂರಿನ ಕ್ಯಾಂಪ್ಕೊಗೆ ಕೋಕೋ ಹಾಕುವ ಕರಾವಳಿಯ ಬೆಳೆಗಾರರು ಟ್ರಿನಿಟಾರಿಯೊ ಎಂಬ ತಳಿಯ ಹೆಸರು ಕೇಳಿರಬಹುದು, ಅದು ಹುಟ್ಟಿದ್ದು ಈ ದ್ವೀಪದಲ್ಲಿ.) ಮೂರನೆಯ ತಲೆಮಾರಿನ ಹೊತ್ತಿಗೆ ಭೋಜಪುರಿ ನಾಲಿಗೆಯಿಂದ ಜಾರಿತು, ಅಡುಗೆಮನೆಯಲ್ಲಿ ಮಾತ್ರ ಉಳಿದುಕೊಂಡಿತು. ಆಲೂ, ಬೈಗನ್, ಚಟ್ನಿ, ಅಜ್ಜಿಗೆ ಆಜಿ. ಬೆಳಗ್ಗೆ ಎದ್ದರೆ ರಸ್ತೆಬದಿಯಲ್ಲಿ ‘ಡಬಲ್ಸ್’ ಗಾಡಿ. ಅರಿಶಿನ ಹಾಕಿದ ಮೈದಾದ ಮೆತ್ತನೆಯ ಎರಡು ಬರಾ, ನಡುವೆ ಕಡಲೆಕಾಳಿನ ಸಾರು, ಮೇಲೆ ಖಾರದ ಚಟ್ನಿ. ಆಫ್ರಿಕನ್, ಚೀನೀ, ಭಾರತೀಯ ಮೂಲದವರೆಲ್ಲ ಒಂದೇ ಸಾಲಿನಲ್ಲಿ ನಿಂತು ತಿನ್ನುತ್ತಾರೆ. ಪುಡಿಪುಡಿ ಮಾಡಿದ ಪರೋಟಕ್ಕೆ ಅಲ್ಲಿ ಇಟ್ಟ ಹೆಸರಿನ ಅರ್ಥ ‘ಹರಿದ ಅಂಗಿ’. ನೋಡಿದರೆ ಹಾಗೇ ಇರುತ್ತದೆ!

ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿಂದೂಗಳೂ ಅಲಾಯಿ ದೇವರು ಹೊರುತ್ತಾರಲ್ಲ, ಟ್ರಿನಿಡಾಡಿನ ಹೊಸೆ ಹಬ್ಬ ಅದರ ದೂರದ ತಮ್ಮ. ಹೊಸೆ ಅಂದರೆ ಹುಸೇನ್, ಮೊಹರಂ. ತಾಬೂತು ಕಟ್ಟುವವರು ಮುಸ್ಲಿಮರು, ಮೆರವಣಿಗೆಯಲ್ಲಿ ಹಿಂದೂ ಕೂಲಿಗಳು, ತಾಸೆ ಬಾರಿಸಲು ಆಫ್ರಿಕನ್ನರು. 1884ರಲ್ಲಿ ಸರ್ಕಾರ ಮೆರವಣಿಗೆ ಪೇಟೆಗೆ ಬರಕೂಡದೆಂದು ಆಜ್ಞೆ ಹೊರಡಿಸಿತು. ಜನ ಕೇಳಲಿಲ್ಲ. ಸ್ಯಾನ್ ಫರ್ನಾಂಡೊ ಊರಿನ ಅಂಚಿನಲ್ಲಿ ಗುಂಡು ಹಾರಿತು, ಹತ್ತಾರು ಜನ ಸತ್ತರು. ಆ ಕಾಲದಲ್ಲೇ ಆಫ್ರಿಕನ್ನರ ಕಾರ್ನಿವಲ್ ಹಬ್ಬದ ಚರ್ಮವಾದ್ಯಕ್ಕೂ ನಿಷೇಧ ಬಿತ್ತು. ಡೋಲು ಕಿತ್ತುಕೊಂಡರೆ ಜನ ಬಿದಿರು ಕುಟ್ಟಿದರು, ಬಿಸ್ಕತ್ತಿನ ಡಬ್ಬ ಬಡಿದರು. ಕೊನೆಗೆ 1940ರ ದಶಕದಲ್ಲಿ ಎಣ್ಣೆಯ ಖಾಲಿ ಪೀಪಾಯಿಯ ತಳವನ್ನು ತಟ್ಟಿ ತಗ್ಗಿಸಿ ಸ್ವರಗಳನ್ನು ಕೂರಿಸಿದರು. ಅದೇ ಸ್ಟೀಲ್‌ಪ್ಯಾನ್. ಅಲ್ಲಿನ ನೆಲದ ಎಣ್ಣೆಯೂ ಜನರ ಹಟವೂ ಸೇರಿ ಆದ ವಾದ್ಯ. ರಾಷ್ಟ್ರಲಾಂಛನದಲ್ಲಿದ್ದ ಕೊಲಂಬಸ್‌ನ ಮೂರು ಹಡಗುಗಳನ್ನು ತೆಗೆದು ಸ್ಟೀಲ್‌ಪ್ಯಾನ್ ಹಾಕುವುದಾಗಿ 2024ರಲ್ಲಿ ಸರ್ಕಾರ ಘೋಷಿಸಿತು. ನನ್ನನ್ನು ಕೇಳಿದರೆ ಅದು ಯಾವತ್ತೋ ಆಗಬೇಕಿತ್ತು.

ಆದರೂ ಕಬ್ಬು ಅಂದರೆ ಭಾರತೀಯ, ತೈಲ ಮತ್ತು ಪೇಟೆ ಅಂದರೆ ಆಫ್ರಿಕನ್ ಎಂಬ ಗೆರೆ ಉಳಿದುಬಿಟ್ಟಿತು, ರಾಜಕೀಯದಲ್ಲಿ ಇಂದಿಗೂ ಇದೆ. 1937ರಲ್ಲಿ ಉರಿಯಾ ಬಟ್ಲರ್ ನೇತೃತ್ವದಲ್ಲಿ ತೈಲ ಕಾರ್ಮಿಕರು ಸಿಡಿದೆದ್ದದ್ದು ಫೈಜಾಬಾದ್ ಎಂಬ ಊರಿನಲ್ಲಿ, ಹೆಸರು ನಮ್ಮ ಅವಧ್‌ನದ್ದು. ಆಗ ತೈಲ ಕಾರ್ಮಿಕರ ಸಂಘಕ್ಕೂ ಸಕ್ಕರೆ ಕಾರ್ಮಿಕರ ಸಂಘಕ್ಕೂ ಒಬ್ಬರೇ ಅಧ್ಯಕ್ಷರಾಗಿದ್ದರು: ಏಡ್ರಿಯನ್ ಕೋಲಾ ರಿಯೆಂಜಿ, ಹುಟ್ಟುಹೆಸರು ಕೃಷ್ಣ ದೇವನಾರಾಯಣ್. ಆ ಗೆರೆ ಅಳಿಸುವ ಒಳ್ಳೆಯ ಅವಕಾಶ ಅದಾಗಿತ್ತು, ಕೈತಪ್ಪಿತು. 1962ರ ಆಗಸ್ಟ್ 31ಕ್ಕೆ ಸ್ವಾತಂತ್ರ್ಯ ಬಂದಾಗ ಪ್ರಧಾನಿಯಾಗಿದ್ದವರು ಇತಿಹಾಸಕಾರ ಎರಿಕ್ ವಿಲಿಯಮ್ಸ್, 1981ರಲ್ಲಿ ಸಾಯುವ ತನಕ ಅವರೇ. ಭಾರತೀಯ ಮೂಲದ ಮೊದಲ ಪ್ರಧಾನಿ ಬಾಸುದೇವ್ ಪಾಂಡೆ ಬರಲು 1995 ಆಗಬೇಕಾಯಿತು. ಕಮಲಾ ಪರ್ಸಾದ್ ಬಿಸೇಸರ್ 2010ರಲ್ಲಿ ಒಮ್ಮೆ, 2025ರಲ್ಲಿ ಇನ್ನೊಮ್ಮೆ ಪ್ರಧಾನಿಯಾದರು. 2011ರ ಗಣತಿಯಲ್ಲಿ ಭಾರತೀಯ ಮೂಲದವರು ಶೇ. 35.4, ಆಫ್ರಿಕನ್ ಮೂಲದವರು ಶೇ. 34.2. ಇಷ್ಟು ಸಮಬಲ ಇದ್ದರೆ ಚುನಾವಣೆ ಹೇಗಿರುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಎರಡೂ ಬೆರೆತವರಿಗೆ ‘ಡೂಗ್ಲಾ’ ಎನ್ನುತ್ತಾರೆ, ಒಂದು ಕಾಲದಲ್ಲಿ ಬೈಗುಳ, ಈಗ ಹಲವರು ತಾವೇ ಹೇಳಿಕೊಳ್ಳುವ ಹೆಸರು. ಕಬ್ಬಂತೂ ಹೋಯಿತು, ಸರ್ಕಾರಿ ಸಕ್ಕರೆ ಕಂಪನಿ 2003ರಲ್ಲಿ ಮುಚ್ಚಿತು.

ನಮ್ಮ ಕಡೆಯವರ ಬಗ್ಗೆ ಕೇಳಿದ್ದೀರಿ. ಮದ್ರಾಸ್ ಬಂದರಿನಿಂದಲೂ ಕೆಲವು ಹಡಗುಗಳು ಹೋದವು, ಅದರಲ್ಲಿ ತಮಿಳು, ತೆಲುಗು ಜನ ಹೆಚ್ಚು. ಅವರು ಒಯ್ದ ಅಮ್ಮನ ಪೂಜೆ ಅಲ್ಲಿ ಕಾಳಿಮಾಯಿ ಪೂಜೆಯಾಗಿ ಉಳಿದಿದೆ. ಕರ್ನಾಟಕದ ನೇರ ಗುರುತು ಇತ್ತೀಚಿನದು. ಕರಾಪಿಚೈಮಾ ಎಂಬ ಊರಿನಲ್ಲಿ ದ್ರಾವಿಡ ಶೈಲಿಯ ದತ್ತಾತ್ರೇಯ ಮಂದಿರ, ಅದರ ಮುಂದೆ 2003ರಲ್ಲಿ ನಿಂತ 85 ಅಡಿಯ ಹನುಮಂತ. ಎರಡೂ ಮೈಸೂರಿನ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರ ದತ್ತಪೀಠದ್ದು. ಅಲ್ಲಿಂದ ಸ್ವಲ್ಪ ದೂರ ಕಡಲಿಗೆ ಇಳಿದರೆ ಸಿವದಾಸ್ ಸಾಧು ಎಂಬ ಕಬ್ಬಿನ ಕೂಲಿ ಕಟ್ಟಿದ ಗುಡಿ. ಕಂಪನಿಯ ಜಾಗದಲ್ಲಿ ಗುಡಿ ಕಟ್ಟಿದನೆಂದು ಅದನ್ನು ಕೆಡವಿ ಅವನನ್ನು ಜೈಲಿಗೆ ಹಾಕಿದರು. ಹೊರಬಂದವನು, ನೆಲ ನಿಮ್ಮದಾದರೆ ಸಮುದ್ರ ಯಾರದ್ದು ಎನ್ನುವ ಹಾಗೆ, ಸೈಕಲ್ಲಿನಲ್ಲಿ ಕಲ್ಲು ಹೊತ್ತು ವರ್ಷಗಟ್ಟಲೆ ನೀರಿಗೆ ಹಾಕಿ ಅದರ ಮೇಲೆ ಗುಡಿ ಎಬ್ಬಿಸಿದ.

ಕನ್ನಡಿಗರ ಇನ್ನೊಂದು ಗುರುತು ಪೋರ್ಟ್ ಆಫ್ ಸ್ಪೇನಿನ ಕ್ವೀನ್ಸ್ ಪಾರ್ಕ್ ಓವಲ್ ಮೈದಾನದಲ್ಲಿದೆ. 1976ರ ಏಪ್ರಿಲ್. ಮೊದಲ ಇನಿಂಗ್ಸಿನಲ್ಲಿ ನಮ್ಮ ಚಂದ್ರಶೇಖರ್ ಆರು ವಿಕೆಟ್ ಕಿತ್ತರು. ಕೊನೆಗೆ ಗೆಲ್ಲಲು 403 ಬೇಕಿತ್ತು. ಗವಾಸ್ಕರ್ 102, ಮೊಹಿಂದರ್ 85, ನಮ್ಮ ವಿಶ್ವನಾಥ್ 112, ನಮ್ಮವರೇ ಬ್ರಿಜೇಶ್ ಪಟೇಲ್ ಔಟಾಗದೆ 49. ನಾಲ್ಕೇ ವಿಕೆಟಿಗೆ 406. ಟೆಸ್ಟಿನಲ್ಲಿ ನಾನೂರರ ಮೇಲಿನ ಗುರಿ ಬೆನ್ನಟ್ಟಿ ಗೆದ್ದವರು ಅದಕ್ಕೂ ಮೊದಲು ಒಬ್ಬರೇ, 1948ರ ಆಸ್ಟ್ರೇಲಿಯಾದವರು. ಆ ಊರಿನ ಜನ ಗವಾಸ್ಕರರ ಮೇಲೆ ಆಗಲೇ ಹಾಡು ಕಟ್ಟಿದ್ದರು, ಮಕ್ಕಳಿಗೆ ಅವರ ಹೆಸರಿಟ್ಟರು. ಅರಿಮಾ ಊರಿನಲ್ಲಿ ಹುಟ್ಟಿದ ಒಬ್ಬ ಹುಡುಗನಿಗೂ ಅವನಪ್ಪ ಸುನಿಲ್ ಅಂತ ಹೆಸರಿಟ್ಟ. ಅವನೇ ನಿಮ್ಮ ನರೈನ್.

ಈಗ ಪಂದ್ಯ. ವೆಸ್ಟ್ ಇಂಡೀಸ್ ಒಂದು ಕಾಲದಲ್ಲಿ ನಿಜಕ್ಕೂ ಒಂದೇ ದೇಶವಾಗಲು ಹೊರಟಿತ್ತು. 1958ರಲ್ಲಿ ಹತ್ತು ವಸಾಹತುಗಳು ಸೇರಿ ಒಕ್ಕೂಟ ಮಾಡಿಕೊಂಡವು, ರಾಜಧಾನಿ ಪೋರ್ಟ್ ಆಫ್ ಸ್ಪೇನ್. 1961ರಲ್ಲಿ ಜಮೈಕಾದ ಜನ ಮತ ಹಾಕಿ ಹೊರನಡೆದರು. ಹತ್ತರಲ್ಲಿ ಒಂದು ಕಳೆದರೆ ಉಳಿಯುವುದು ಸೊನ್ನೆ ಎಂದರು ವಿಲಿಯಮ್ಸ್, ಟ್ರಿನಿಡಾಡನ್ನೂ ಹೊರಗೆ ತಂದರು. ಒಕ್ಕೂಟ ಮುರಿಯಿತು, ಕ್ರಿಕೆಟ್ ತಂಡ ಮಾತ್ರ ಒಂದಾಗಿ ಉಳಿಯಿತು. ಬೆಂಗಳೂರಿನ ಆರ್‌ಸಿಬಿಗೆ ಆಡಿದ ಗೇಲ್ ಜಮೈಕಾದವರು. ಜಮೈಕಾದಿಂದ ಟ್ರಿನಿಡಾಡಿಗೆ ಬೆಂಗಳೂರಿನಿಂದ ದೆಹಲಿಗೆ ಇರುವಷ್ಟು ದೂರ, ನಡುವೆ ಸಮುದ್ರ, ಬೇರೆ ಪಾಸ್‌ಪೋರ್ಟು, ಬೇರೆ ನೋಟು. ನೂರು ರೂಪಾಯಿ ನಿಮ್ಮದು. ಆದರೆ ಮಗ 1958ರಿಂದ 1962ರ ನಡುವೆ ಪಂದ್ಯ ಕಟ್ಟಿದ್ದರೆ ಐವತ್ತಾದರೂ ವಾಪಸು ಕೊಡಿ ಎನ್ನುತ್ತಿದ್ದೆ.